ಅಡ್ಮಿನಕ್ಕ ಅಳಿಸದ ಪೋಸ್ಟು

ಹೋದ ವಾರ ಮಂಡ್ಯದ ನಮ್ಮ ಗುತ್ತಲು ರಸ್ತೆಯ ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿ ಹೋದರು. ನನ್ನ ಅಂಗಡಿಗೆ ಜೆರಾಕ್ಸ್ ಮಾಡಿಸಲು ಬಂದಿದ್ದ ಗಿರಾಕಿಗಳು ಮೂಗು ಮುಚ್ಚಿಕೊಂಡು ಬೈದುಕೊಂಡರು. ನಾನು ಮಾತ್ರ ಆ ವಾಸನೆಯನ್ನು ಎಳೆದುಕೊಳ್ಳುತ್ತಾ ಸುಮ್ಮನೆ ನಿಂತೆ. ಹಲಗೂರಿನ ಹತ್ತಿರದ ಒಂದು ರೇಷ್ಮೆ ಹುಳು ಸಾಕುವ ಮನೆ ನೆನಪಾಯಿತು. ಅದರ ಬಾಗಿಲಲ್ಲಿ ಯಾವಾಗಲೂ ಬ್ಲೀಚಿಂಗ್ ನೀರಿನ ಬೋಗುಣಿ ಇರುತ್ತಿತ್ತು. ಎಂಥ ದೊಡ್ಡ ಮನುಷ್ಯ ಬಂದರೂ ಅದರಲ್ಲಿ ಕಾಲು ಅದ್ದಿಯೇ ಒಳಗೆ ಬರಬೇಕು.

"ಪ್ಯಾಟೆ ಧೂಳ ನನ್ನ ಉಳಕ್ಕೆ ತರ್ಬ್ಯಾಡ ಕಣಪ್ಪ. ಮೊದ್ಲು ಕಾಲ್ ಅದ್ದು." ಆ ಮನೆಯಾಕೆ ನನಗೆ ಎದುರೆದುರು ಆಡಿದ ಮೊದಲ ಮಾತು ಇದು. ಅಷ್ಟು ಹೊತ್ತಿಗಾಗಲೇ ನಾವಿಬ್ಬರೂ ವರ್ಷವೊಪ್ಪತ್ತಿನಿಂದ ಮೊಬೈಲಿನಲ್ಲಿ ದಿನಾ ಜಗಳವಾಡುತ್ತಿದ್ದವರು.

ನಾನು ಅಂಗಡಿ ಇಟ್ಟುಕೊಂಡವನಾದರೂ ಕಂಪ್ಯೂಟರಿನ ಹುಚ್ಚು ಸ್ವಲ್ಪ ಜಾಸ್ತಿ. ಆ ಹುಚ್ಚಿನಲ್ಲೇ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ರೇಷ್ಮೆ ಬೆಳೆಗಾರರಿಗೆಂದು ಒಂದು ಆನ್‌ಲೈನ್ ಚರ್ಚಾ ವೇದಿಕೆ ಕಟ್ಟಿ, 'ಹುಳುಮನೆ' ಎಂದು ಹೆಸರಿಟ್ಟಿದ್ದೆ. ಹುಳಕ್ಕೆ ರೋಗ ಬಂದರೆ, ಸೊಪ್ಪು ಕೆಟ್ಟರೆ, ಒಬ್ಬರು ಕೇಳಲಿ, ಇನ್ನೊಬ್ಬರು ಹೇಳಲಿ ಎಂಬ ಆಸೆ. ಆದದ್ದೇ ಬೇರೆ. ಬೆಳಗಾದರೆ ದೇವರ ಫೋಟೋ, ಮಧ್ಯಾಹ್ನ ಪಕ್ಷಗಳ ಬೈದಾಟ, ಸಂಜೆಗೆ ಯಾವುದೋ ಪೌಡರ್ ಹಾಕಿದರೆ ಗೂಡು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ ಎನ್ನುವ ಜಾಹೀರಾತು. ಎಲ್ಲರ ಬೆಳೆಯೂ ಬಂಪರ್. ಎಲ್ಲರೂ ಗುರುಗಳು, ಶಿಷ್ಯರು ಯಾರೂ ಇಲ್ಲ.

ಆಗ ಬಂತು ಹಲಗೂರಿನ ಈಕೆಯ ಮೆಸೇಜು. ಇದು ಹುಳು ಮನೆಯೋ, ಸಂತೆಯೋ? ನಡೆಸೋಕೆ ಬರದಿದ್ದರೆ ಬಾಗಿಲು ಹಾಕು. ನನಗೂ ಸಿಟ್ಟು ಬಂತು. ನೀವೇ ನಡೆಸಿ ನೋಡಿ ಎಂದು ಅಡ್ಮಿನ್ ಅಧಿಕಾರವನ್ನು ಅವರ ಕೈಗೇ ಕೊಟ್ಟುಬಿಟ್ಟೆ. ಎರಡು ದಿನಕ್ಕೆ ಬಿಟ್ಟು ಓಡುತ್ತಾರೆ ಅಂದುಕೊಂಡಿದ್ದೆ. ಓಡಲಿಲ್ಲ. ಗುಂಪಿನವರೆಲ್ಲ ಅವರನ್ನು ಅಡ್ಮಿನಕ್ಕ ಎಂದು ಕರೆಯತೊಡಗಿದರು. ನನಗೂ ಅವರು ಅಕ್ಕನೇ ಆದರು.

ಅಕ್ಕ ಮಾಡಿದ ಕಾನೂನು ಒಂದೇ ಒಂದು. ಗುಂಪಿಗೆ ಹೊಸದಾಗಿ ಬಂದವರು ತಮ್ಮ ಮನೆಯಲ್ಲಿ ಕೆಟ್ಟುಹೋದ ಒಂದು ಬೆಳೆಯ ಕಥೆಯನ್ನು ಮೊದಲು ಬರೆಯಬೇಕು. ಏಕೆ ಕೆಟ್ಟಿತು, ತಾವೇನು ತಪ್ಪು ಮಾಡಿದೆವು, ಎಲ್ಲ. ಅದಾದ ಮೇಲೆಯೇ ಬೇರೆಯವರಿಗೆ ಬುದ್ಧಿ ಹೇಳುವ ಹಕ್ಕು. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಕಡೆ ಹುಳು ಸಾಕುವವರು ಬೆಳೆ ಹೋದದ್ದನ್ನು ಬಾಯಿ ಬಿಟ್ಟು ಹೇಳುವವರಲ್ಲ. ಸತ್ತ ಹುಳುವನ್ನು ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿ, ಯಾರಾದರೂ ಕೇಳಿದರೆ ಪರವಾಗಿಲ್ಲ, ಚೆನ್ನಾಗಿದೆ ಅನ್ನುತ್ತಾರೆ. ಹೇಳಿದರೆ ಮನೆಗೇ ಕೆಟ್ಟ ಹೆಸರು ಎಂಬ ಭಯ.

ಮಳವಳ್ಳಿ ಕಡೆಯ ಒಬ್ಬ ದೊಡ್ಡ ಬೆಳೆಗಾರರು, ನನ್ನ ಬೆಳೆ ಯಾವತ್ತೂ ಕೆಟ್ಟೇ ಇಲ್ಲ, ಏನು ಬರೆಯಲಿ ಎಂದು ಗತ್ತಿನಿಂದ ಕೇಳಿದ್ದರು. "ಅಂಗಾದ್ರೆ ನಿಮ್ಗೆ ನಮ್ಮ ಗುಂಪು ಬ್ಯಾಡ ಬುಡಿ. ನಿಮ್ದೇ ಒಂದು ಗುಡಿ ಕಟ್ಟಿಸ್ಕೊಳಿ," ಎಂದು ಅಕ್ಕ ಧ್ವನಿ ಮೆಸೇಜಿನಲ್ಲೇ ಹೇಳಿ ಹೊರಗೆ ಹಾಕಿದರು. ತಿಂಗಳು ಕಳೆದು ಅವರೇ ವಾಪಸು ಬಂದು, ಹಾಲು ರೋಗದಲ್ಲಿ ಬೆಳೆ ಪೂರ್ತಿ ತಿಪ್ಪೆಗೆ ಹೋದ ಕಥೆಯನ್ನು ಉದ್ದಕ್ಕೆ ಬರೆದರು. ಅಷ್ಟು ಒಳ್ಳೆಯ ಬರಹ ಆಮೇಲೆ ನಾನು ಗುಂಪಿನಲ್ಲಿ ಕಂಡಿಲ್ಲ.

ಹೀಗೆ ಮೆಲ್ಲಗೆ ಗುಂಪಿಗೆ ಹೆಸರು ಬಂತು. ಗೂಡಿನ ಮಾರುಕಟ್ಟೆಯಲ್ಲಿ ನಿಂತವರು, ಹುಳುಮನೆಯಲ್ಲಿ ಬಂದಿದೆ ಅಂದರೆ ನಿಜ ಇರುತ್ತೆ ಎಂದು ಮಾತಾಡಿಕೊಳ್ಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅಕ್ಕ ಸೊಪ್ಪು ಹಾಕುವ ನಡುವೆ, ಒಲೆ ಮುಂದೆ, ಬಸ್ಸಿಗೆ ಕಾಯುವಾಗ ಮೊಬೈಲು ಹಿಡಿದು ಒಂದೊಂದೇ ಪೋಸ್ಟು ಓದಿ ನೋಡುತ್ತಿದ್ದರು. ಸುಳ್ಳು ಕಂಡರೆ ತೆಗೆಯುತ್ತಿದ್ದರು, ತೆಗೆದದ್ದಕ್ಕೆ ಬೈಗುಳ ತಿನ್ನುತ್ತಿದ್ದರು. ನೋಡಲು ಹೋದಾಗಲೆಲ್ಲ ಮುದ್ದೆ, ಬಸ್ಸಾರು ಬಡಿಸಿ, ಗುಂಪಿನಲ್ಲಿ ಯಾರ್ಯಾರು ಎಷ್ಟೆಷ್ಟು ಸುಳ್ಳರು ಎಂದು ವರದಿ ಒಪ್ಪಿಸುತ್ತಿದ್ದರು. ದಣಿವು ಮಾತ್ರ ಕಣ್ಣಲ್ಲಿ ಕಾಣುತ್ತಿತ್ತು...

ಅಕ್ಕನ ತವರು ಭಾರತೀನಗರದ ಹತ್ತಿರ. ಅಪ್ಪ ಅಮ್ಮ ಹೋದ ಮೇಲೆ ತವರು ಅಂತ ಉಳಿದಿದ್ದು ಒಬ್ಬ ತಮ್ಮ. ಅವನು ಚಾಕಿ ಕೇಂದ್ರ ನಡೆಸುತ್ತಿದ್ದ. ಅಂದರೆ ಮೊಟ್ಟೆ ತಂದು ಮರಿ ಮಾಡಿಸಿ, ಎರಡು ಜ್ವರ ಕಳೆಯುವ ತನಕ, ಎಂದರೆ ಎರಡು ಸಲ ಪೊರೆ ಬಿಡುವ ತನಕ ಸಾಕಿ, ಆ ಎಳೆ ಹುಳುಗಳನ್ನು ರೈತರಿಗೆ ಮಾರುವುದು. ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಬರುವ ಆ ತಮ್ಮನ ಮಾತೆತ್ತಿದರೆ ಸಾಕು, ಬಾಯಿ ಜೋರಿನ ಅಕ್ಕನ ಮುಖ ಸಣ್ಣ ಹುಡುಗಿಯದಾಗುತ್ತಿತ್ತು.

ಒಂದು ಮಧ್ಯಾಹ್ನ ಮದ್ದೂರು ಕಡೆಯ ಒಬ್ಬ ರೈತ ಗುಂಪಿನಲ್ಲಿ ಬರೆದ. ಇಂಥ ಕೇಂದ್ರದಿಂದ ತಂದ ಚಾಕಿ ಹುಳುವಿಗೆ ಗಂಟು ರೋಗ, ನನ್ನ ಬೆಳೆಯೆಲ್ಲ ಹೋಯಿತು, ಯಾರೂ ಅಲ್ಲಿಗೆ ಹೋಗಬೇಡಿ. ಜೊತೆಗೆ ಫೋಟೋಗಳು. ಕೇಂದ್ರ ಅಕ್ಕನ ತಮ್ಮನದು. ಅವನ ಹೆಸರು ತಲೆಬರಹದಲ್ಲೇ ಇತ್ತು.

ಅಕ್ಕನಿಗೆ ತವರಿನಿಂದ ಫೋನಿನ ಮೇಲೆ ಫೋನು ಬಂತು. ಅದನ್ನು ತೆಗೆದುಹಾಕಿದರೆ ನಿಮ್ಮ ಗಂಟೇನು ಹೋಗುತ್ತೆ ಎಂದು ತಮ್ಮನ ಹೆಂಡತಿ ಅತ್ತಳಂತೆ. ನಾನೂ ಫೋನು ಮಾಡಿ, ತೆಗೆದುಬಿಡಿ ಅಕ್ಕ, ಯಾರೂ ಏನೂ ಅನ್ನಲ್ಲ ಅಂದೆ.

"ಇನ್ನೊಬ್ರುದಾಗಿದ್ರೆ ತೆಗೀತಿದ್ನಾ ನಾನು?" ಅಂದರು ಅಕ್ಕ. "ನಮ್ಮನೇಗೂ ಅದೇ ಉಳ ತಂದಿದ್ದೆ ಕಣಪ್ಪ. ನಮ್ದೂ ಓಯ್ತು. ನನ್ ತಮ್ಮ ಅಂತ ಮುಚ್ಚಾಕುದ್ರೆ, ನಾಳೆ ಯಾವ್ ಮಖ ಇಟ್ಕಂಡು ಅವ್ರಿವ್ರಿಗೆ ಬುದ್ಧಿ ಏಳ್ಲಿ?"

ಅಷ್ಟೇ ಅಲ್ಲ, ಆ ಪೋಸ್ಟಿನ ಕೆಳಗೆ ತಾವೇ ಬರೆದರು. ಇದು ನನ್ನ ತಮ್ಮನ ಕೇಂದ್ರ. ಇವರು ಬರೆದಿರುವುದು ನಿಜ. ನನ್ನ ಮನೆಯಲ್ಲೂ ಹುಳು ಸತ್ತಿವೆ.

ಜನ ಹೊಗಳಿದ್ದೇ ಹೊಗಳಿದ್ದು. ಸತ್ಯವಂತೆ, ಗಟ್ಟಿಗಿತ್ತಿ, ಇನ್ನೂ ಏನೇನೋ. ಆ ವರ್ಷ ಗೌರಿ ಹಬ್ಬಕ್ಕೆ ತಮ್ಮ ಬರಲಿಲ್ಲ. ಬಾಗಿಲ ಕಡೆ ನೋಡಿ ನೋಡಿ ಅವಳಿಗೆ ಸಾಕಾಯ್ತು ಎಂದು ಅಕ್ಕನ ಯಜಮಾನರು ನನಗೆ ಆಮೇಲೆ ಹೇಳಿದರು.

ಅದಾಗಿ ಸ್ವಲ್ಪ ದಿನಕ್ಕೆ ರೇಷ್ಮೆ ಅಧಿಕಾರಿಗಳು ಹುಳುವನ್ನೂ ಉಳಿದ ಮೊಟ್ಟೆಯನ್ನೂ ಪರೀಕ್ಷೆ ಮಾಡಿಸಿದರು. ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿದಿತ್ತು. ಮೊಟ್ಟೆ ತಯಾರಾದ ಕಡೆಯೇ ಆದ ಎಡವಟ್ಟು, ತಮ್ಮನ ಕೈಯಲ್ಲಿ ಆದದ್ದಲ್ಲ. ಅಕ್ಕ ಅದನ್ನೂ ಆ ಪೋಸ್ಟಿನ ಕೆಳಗೇ ಬರೆದರು. ಯಾರು ಓದಬೇಕು? ಬೆಂಕಿ ಬಿದ್ದಾಗ ಓಡಿಬರುವ ಜನ, ಬೆಂಕಿ ಆರಿದ್ದನ್ನು ನೋಡಲು ಬರುವುದಿಲ್ಲ. ಇನ್ನೊಬ್ಬರು ಬರೆದದ್ದನ್ನು ಅಳಿಸುವ ಅಧಿಕಾರ ನಮಗಿತ್ತು, ತಿದ್ದುವ ಅಧಿಕಾರ ಇರಲಿಲ್ಲ. ತಲೆಬರಹ ಹಾಗೇ ಉಳಿಯಿತು. ಬರೆದ ರೈತ ಹುಳು ಸಾಕುವುದನ್ನೇ ಬಿಟ್ಟು ಕಬ್ಬು ಹಾಕಿಕೊಂಡ, ಗುಂಪಿನ ಕಡೆ ತಿರುಗಿ ನೋಡಲಿಲ್ಲ. ತಮ್ಮನ ಕೇಂದ್ರಕ್ಕೆ ಗಿರಾಕಿಗಳು ಬರುವುದು ನಿಂತಿತು, ಆಮೇಲೆ ಕೇಂದ್ರವೂ ನಿಂತಿತು.

ಅಕ್ಕ ಮೊದಲಿನ ಹಾಗೇ ಗುಂಪು ನಡೆಸಿದರು. ಬೈಯುವ ಹುರುಪು ಮಾತ್ರ ಕಡಿಮೆಯಾಗಿತ್ತು. ತಮ್ಮ ಬಂದಿದ್ದನೇ ಎಂದು ನಾನು ಹಬ್ಬದ ಮಾರನೇ ದಿನ ಕೇಳಿದರೆ, "ಅವ್ನಿಗೇನೋ ಕೆಲ್ಸ ಬಿದ್ದೈತೆ ಬುಡು," ಅನ್ನುತ್ತಿದ್ದರು. ಎಷ್ಟೋ ವರ್ಷ ಅದೇ ಉತ್ತರ...

ಹೋದ ವರ್ಷ ಅಕ್ಕ ತೀರಿಕೊಂಡರು. ಮೂತ್ರಪಿಂಡದ ಕಾಯಿಲೆ. ಮಣ್ಣಿಗೆ ಹೋದಾಗ ಎಲ್ಲ ಸಿದ್ಧವಾಗಿದ್ದರೂ ಯಾರೂ ಎತ್ತುತ್ತಿರಲಿಲ್ಲ. ಮುತ್ತೈದೆ ಹೋದರೆ ತವರಿನ ಸೀರೆ ಉಡಿಸಿ ಕಳಿಸಬೇಕು. "ತಮ್ಮ ಬರ್ಲಿ ತಡೀರಿ," ಎಂದು ಹೆಂಗಸರು ಕೂತೇ ಇದ್ದರು. ಬರುತ್ತಾನೋ ಇಲ್ಲವೋ ಎಂದು ನನಗೆ ಅನುಮಾನ. ಬಂದ. ಹಸಿರು ಸೀರೆ, ಅರಿಶಿನ, ಕುಂಕುಮ ತಂದಿದ್ದ. ಅಳಲಿಲ್ಲ. ನನ್ನನ್ನು ಒಂದು ಸಲ ನೋಡಿ ತಲೆ ತಗ್ಗಿಸಿದ.

ತಿಂಗಳುಗಳು ಕಳೆದ ಮೇಲೆ ಅವನಿಂದ ಫೋನು ಬಂತು.

"ಅಕ್ಕ ಓಗ್ಬುಟ್ಲು. ಈಗ್ಲಾದ್ರೂ ತೆಗೀರಿ ಅಣ್ಣ. ಮಗಳಿಗೆ ಗಂಡು ನೋಡ್ತಾ ಇವ್ನಿ. ನೆಟ್ಟಲ್ಲಿ ನನ್ನೆಸ್ರು ಉಡುಕುದ್ರೆ ಮೊದ್ಲು ಅದೇ ಬತ್ತದೆ." ಮತ್ತೆ ಹೇಳಿದ, "ಪರ್ತಿ ಗೌರಿ ಅಬ್ಬಕ್ಕೂ ಅದ್ನ ಎತ್ತಿ ಎತ್ತಿ ಮ್ಯಾಲಕ್ಕೆ ಆಕ್ತಿದ್ಲಲ್ಲ, ನಾನೇನ್ ಮಾಡಿದ್ದೆ ಅವಳಿಗೆ?"

ನನಗೆ ಅರ್ಥವಾಗಲಿಲ್ಲ. ಫೋನು ಹಿಡಿದುಕೊಂಡೇ ಕಂಪ್ಯೂಟರಿನಲ್ಲಿ ಆ ಪೋಸ್ಟು ತೆರೆದೆ. ಅಳಿಸಿಬಿಡುವ ಮನಸ್ಸೇ ಇತ್ತು. ಕೆಳಗೆ ಇಳಿಯುತ್ತಾ ಹೋದಂತೆ ಅಕ್ಕನ ಕಾಮೆಂಟುಗಳು ಕಂಡವು. ವರ್ಷಕ್ಕೊಂದು. ಎಲ್ಲವೂ ಗೌರಿ ಹಬ್ಬದ ದಿನದ್ದು. ಎಲ್ಲದರಲ್ಲೂ ಹೆಚ್ಚು ಕಡಿಮೆ ಅದೇ ಮಾತು. ನನ್ನ ತಮ್ಮನ ತಪ್ಪಿಲ್ಲ. ರೋಗ ಇದ್ದದ್ದು ಮೊಟ್ಟೆಯಲ್ಲಿ. ಅವನ ಕೇಂದ್ರಕ್ಕೆ ಹೋಗಿ. ಕೇಂದ್ರ ಮುಚ್ಚಿದ ಮೇಲಿನ ವರ್ಷಗಳಲ್ಲಿ ಕೊನೆಯ ಸಾಲು ಮಾತ್ರ ಬದಲಾಗಿತ್ತು. ನನ್ನ ತಮ್ಮ ಒಳ್ಳೆಯವನು.

ನಮ್ಮ ಗುಂಪಿನ ಏರ್ಪಾಡು ಹೇಗೆಂದರೆ, ಹಳೆಯ ಪೋಸ್ಟಿಗೆ ಹೊಸ ಕಾಮೆಂಟು ಬಿದ್ದರೆ ಅದು ಎದ್ದು ಮೇಲಕ್ಕೆ ಬಂದು ಕೂರುತ್ತದೆ. ಮೇಲೆ ಕಾಣುವುದು ತಲೆಬರಹ ಮಾತ್ರ. ಅಕ್ಕ ತಮ್ಮನ ಹೆಸರು ತೊಳೆಯಲು ಬರೆದಾಗಲೆಲ್ಲ ಆ ಕೆಟ್ಟ ತಲೆಬರಹ ಹಬ್ಬದ ದಿನವೇ ಎಲ್ಲರ ಮೊಬೈಲಿಗೆ ಬರುತ್ತಿತ್ತು. ಅವನ ಮೊಬೈಲಿಗೂ. ಅವನು ಒಳಗೆ ತೆರೆದು ನೋಡಿರಲಿಲ್ಲ. ಯಾಕಾದರೂ ನೋಡುತ್ತಾನೆ? ಹಬ್ಬದ ದಿನ ಗುಂಪನ್ನು ಅಕ್ಕನ ಕೈಗೇ ಬಿಟ್ಟಿರುತ್ತಿದ್ದ ನಾನೂ ನೋಡಿರಲಿಲ್ಲ.

ಒಂದೊಂದಾಗಿ ಓದಿ ಹೇಳಿದೆ. ಕೊನೆಯದನ್ನು ಎರಡು ಸಲ ಓದಿದೆ. ಪೋಸ್ಟು ತೆಗೆದರೆ ಇವೆಲ್ಲವೂ ಹೋಗುತ್ತವೆ ಎಂದೆ. ಅವನು, "ಇರ್ಲಿ ಬುಡಿ," ಅಂದ. "ಅದ್ ಎಂಗೈತೋ ಅಂಗೇ ಇರ್ಲಿ." ಫೋನು ಇಟ್ಟ.

ಈಗ ಗುಂಪನ್ನು ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ. ನೋಡಿಕೊಳ್ಳುತ್ತಿದ್ದೇನೆ ಅನ್ನುವುದು ದೊಡ್ಡ ಮಾತು. ದೇವರ ಫೋಟೋಗಳು ವಾಪಸು ಬಂದಿವೆ, ಪೌಡರ್ ಮಾರುವವರೂ ಬಂದಿದ್ದಾರೆ. ಅಳಿಸಿ ಅಳಿಸಿ ಬೆರಳು ಸೋಲುತ್ತದೆ. ಹುಳುಮನೆಗೆ ಇನ್ನೂ ಒಳ್ಳೆಯ ಹೆಸರಿದೆ ಎಂದು ಯಾರಾದರೂ ಹೇಳಿದರೆ ಖುಷಿಯಾಗುವುದಿಲ್ಲ, ಅಕ್ಕ ಬಾಗಿಲ ಕಡೆ ನೋಡುತ್ತಾ ಕೂತದ್ದೇ ಕಣ್ಣಿಗೆ ಬರುತ್ತದೆ.

ಮೊನ್ನೆ ಗೌರಿ ಹಬ್ಬ ಬಂತು, ಹೋಯಿತು. ಬೆಳಗಿನಿಂದ ಸಂಜೆಯವರೆಗೆ ಆಗಾಗ ಗುಂಪು ತೆರೆದು ನೋಡಿದೆ. ಈ ಸಲ ಆ ಪೋಸ್ಟು ಮೇಲೆ ಬರಲಿಲ್ಲ.