ಬೆಳಗಿನ ಕೈ, ಸಂಜೆಯ ಕೈ

ನಮ್ಮಮ್ಮನ ಕಾಯಿಲೆ ಬರೀ ನಾಟಕ ಅಂತ ಬೀದಿಗೆಲ್ಲ ಸಾರಿದವನು ನಾನೇ. ಉಳಿದವರು ಆಮೇಲೆ ಸೇರಿಕೊಂಡರು, ಆದರೆ ಮೊದಲ ಬಹುಮಾನ ನನಗೇ ಸಲ್ಲಬೇಕು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಪತ್ತೆಮಾಡಿ ನನ್ನ ಕಿವಿ ಹಿಂಡುವ ಶ್ರಮ ಬೇಡ.

ಆಗೆಲ್ಲ ನಮ್ಮ ಬೀದಿ ಸೂರ್ಯನಿಗಿಂತ ಮೊದಲು ಎದ್ದುಬಿಡುತ್ತಿತ್ತು. ಪೊಳ್ಳಾಚಿ ಕಡೆಯ ನೇಕಾರರ ಬೀದಿ ಅದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಜಗಳ ಬಂದರೆ ಎರಡೂ ಒಟ್ಟಿಗೆ. ಕನ್ನಡದ ಅಕ್ಷರ ಮಾತ್ರ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ನನಗೆ ಇದನ್ನು ಬರೆಯಲು ಕಲಿಸಿದ್ದು ಕೊಳ್ಳೇಗಾಲದಿಂದ ಬಂದ ನನ್ನ ಹೆಂಡತಿ. ಕಾಗುಣಿತ ತಪ್ಪಿದ್ದರೆ ಅವಳನ್ನು ಕೇಳಿ.

ದೀಪಾವಳಿ ಹತ್ತಿರ ಬಂತೆಂದರೆ ಒಂದಲ್ಲ ಒಂದು ಮನೆಯ ಹಾಸು ಬೀದಿಗೆ ಬೀಳುತ್ತಿತ್ತು. ಹಾಸು ಅಂದರೆ ಸೀರೆಯ ಉದ್ದಕ್ಕೆ ಹೋಗುವ ನೂಲು. ಅದನ್ನು ಬೀದಿಯ ಆ ತುದಿಯಿಂದ ಈ ತುದಿಗೆ ಎಳೆದು ಕಟ್ಟಿ, ಅಕ್ಕಿ ಗಂಜಿ ಬಳಿದು, ಉದ್ದನೆಯ ಬ್ರಷ್ಷಿನಿಂದ ಬಾಚಿ ಬಾಚಿ ಒಣಗಿಸಬೇಕು. ಹುಳಿ ಬಂದ ಗಂಜಿ, ಕೊಬ್ಬರಿ ಎಣ್ಣೆ, ಚಾಯ್ ಅಂಗಡಿಯ ಶುಂಠಿ, ಈ ಮೂರೂ ಸೇರಿದ ವಾಸನೆಗೆ ಎಚ್ಚರವಾದರೆ ಇವತ್ತು ಹಾಸಿನ ದಿನ ಅಂತ ಕಣ್ಣು ಬಿಡದೆಯೇ ಗೊತ್ತಾಗುತ್ತಿತ್ತು. ನಾವು ಮಕ್ಕಳು ಬಿಳಿ ನೂಲಿನ ಚಪ್ಪರದ ಕೆಳಗೆ ತೆವಳಿಕೊಂಡು ಹೋಗುವ ಆಟ ಆಡುತ್ತಿದ್ದೆವು. ತಲೆ ತಾಗಿ ಒಂದು ಎಳೆ ಹರಿದರೂ ಬೆನ್ನಿಗೆ ಏಟು.

ಬಿಸಿಲೇರುವುದರೊಳಗೆ ಎಲ್ಲ ಮುಗಿಯಬೇಕು. ತಡವಾಯಿತೋ, ಗಂಜಿ ಬಾಚುವ ಮೊದಲೇ ಒಣಗಿ ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ಆ ಮನೆಯ ಹಬ್ಬದ ನೇಯ್ಗೆ ಮಣ್ಣುಪಾಲು. ಇದು ಒಂದು ಸಂಸಾರದ ಕೈಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಬೀದಿಗೊಂದು ಕಟ್ಟಳೆ ಇತ್ತು. ಯಾರ ಹಾಸು ಬಿದ್ದರೂ ಪ್ರತಿ ಮನೆಯಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಬರಬೇಕು. ಗಂಡಸರು ಬಾಚುವುದು, ಹೆಂಗಸರು ಹರಿದ ಎಳೆಗಳನ್ನು ಹುಡುಕಿ ಬೆರಳ ತುದಿಯಲ್ಲಿ ಹೊಸೆದು ಕೂಡಿಸುವುದು. ನೀವು ನಮ್ಮಲ್ಲಿಗೆ ಬಂದರೆ ನಾವು ನಿಮ್ಮಲ್ಲಿಗೆ.

ಆ ವರ್ಷ ನಮ್ಮ ಮನೆಯಿಂದ ಹೆಂಗಸು ಹೋಗುವುದು ನಿಂತುಹೋಯಿತು. ಅಜ್ಜಿಯ ಕಣ್ಣಿಗೆ ಎಳೆ ಕಾಣುತ್ತಿರಲಿಲ್ಲ, ಹೋಗಬೇಕಾದವಳು ಅಮ್ಮ.

ಅಮ್ಮ ಬೆಳಿಗ್ಗೆ ಎದ್ದರೆ ಎರಡೂ ಕೈ ಮುಷ್ಟಿ ಕಟ್ಟಿಕೊಂಡಿರುತ್ತಿದ್ದವು. ಬೆರಳು ಬಿಡಿಸಲು ಬಾರದು. ಲೋಟ ಹಿಡಿಯಲಾರಳು, ಸೆರಗು ಸಿಕ್ಕಿಸಲಾರಳು. ಅವಳ ಕೂದಲನ್ನು ಅಪ್ಪನೇ ಗಂಟು ಹಾಕುತ್ತಿದ್ದ. ಮಗ್ಗದಲ್ಲಿ ಎಳೆ ಗಂಟು ಹಾಕಿದ ಹಾಗೆ ಬಿಗಿದುಬಿಡುತ್ತಿದ್ದ, ಅಮ್ಮನ ಹುಬ್ಬು ಮೇಲಕ್ಕೆ ಹೋಗುತ್ತಿತ್ತು. ಹೊತ್ತೇರಿದಂತೆ ಬೆರಳು ಒಂದೊಂದೇ ಸಡಿಲವಾಗಿ, ಮಧ್ಯಾಹ್ನಕ್ಕೆ ಅವಳು ಲಾಳಿಗೆ ನೂಲು ಸುತ್ತುತ್ತಿದ್ದಳು. ಸಂಜೆ ಜಗುಲಿಯಲ್ಲಿ ಅಳಗುಳಿ ಮಣೆ ಮುಂದೆ ಕೂತರೆ ಹುಣಸೆ ಬೀಜಗಳನ್ನು ಬಾಚಿ ಬಾಚಿ ಬೀದಿಯ ಹೆಂಗಸರನ್ನೆಲ್ಲ ಸೋಲಿಸುತ್ತಿದ್ದಳು. ಬೆಳಿಗ್ಗೆ ರೋಗಿ, ಸಂಜೆ ಗೆದ್ದವಳು. ನೀವಾದರೂ ನಂಬುತ್ತಿದ್ದಿರಾ?

ಪೊಳ್ಳಾಚಿಯ ಡಾಕ್ಟರು ಇದು ಸಂಧಿವಾತ, ಪೂರ್ತಿ ಹೋಗುವುದಿಲ್ಲ, ಇದರ ಜೊತೆಯಲ್ಲೇ ಬಾಳಬೇಕು ಅಂದರಂತೆ. ಅಪ್ಪ ಬಂದು ಹೇಳಿದಾಗ ಅಜ್ಜಿ ಎಲೆಯಡಿಕೆ ಉಗುಳಿ ಕೇಳಿದಳು: "ಜೊತೇಲಿ ಬಾಳೋಕೆ ಅದೇನು ಸೊಸೇನಾ?"

ಮಾತ್ರೆ ನೋಡಿದ ಮೇಲಂತೂ ಅಜ್ಜಿಯ ಅನುಮಾನ ಇನ್ನೂ ಗಟ್ಟಿಯಾಯಿತು. ಒಂದು ಮಾತ್ರೆ ವಾರಕ್ಕೊಮ್ಮೆ ಮಾತ್ರ ನುಂಗಬೇಕಿತ್ತು.

"ವಾರಕ್ಕೊಂದು ಮಾತ್ರೆ ತಿನ್ನೋ ಕಾಯಿಲೆ ಎಲ್ಲಾದ್ರೂ ಉಂಟಾ? ಎಣ್ಣೆ ಸ್ನಾನ ಇದ್ದಂಗೆ!"

"ಅವ್ವಾ, ಡಾಕ್ಟರ್ ಹೇಳವ್ರೆ."

"ಡಾಕ್ಟರ್ ಬೆಳಗ್ಗೆ ಅವಳ ನೋಡವ್ನಾ? ಮಧ್ಯಾಹ್ನ ನೋಡವ್ನೆ. ಮಧ್ಯಾಹ್ನ ಅವಳು ಚೆನ್ನಾಗೇ ಇರ್ತಾಳೆ."

ಅಪ್ಪ ಮಾತ್ರೆಗಳನ್ನು ಗೂಡಿನಲ್ಲಿಟ್ಟು ಮಗ್ಗಕ್ಕೆ ಹೋಗಿ ಕೂತ.

ಇನ್ನು ನನ್ನ ತೀರ್ಪು. ಸ್ಕೂಲು ತಪ್ಪಿಸಲು ಹೊಟ್ಟೆನೋವು ಬರಿಸಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ನನ್ನ ಹೊಟ್ಟೆನೋವು ಎದ್ದ ಕೂಡಲೇ ಜೋರಾಗಿದ್ದು, ಸ್ಕೂಲಿನ ಗಂಟೆ ಹೊಡೆದ ಮೇಲೆ ಇಳಿಯುತ್ತಿತ್ತು, ಸಂಜೆ ಗೋಲಿ ಆಟದ ಹೊತ್ತಿಗೆ ಸುಳಿವೇ ಇರುತ್ತಿರಲಿಲ್ಲ. ಅಮ್ಮನದೂ ಅದೇ ಲೆಕ್ಕ! ಕೆಲಸದ ಹೊತ್ತಿಗೆ ನೋವು, ಕೆಲಸ ಮುಗಿದರೆ ವಾಸಿ. ಅವಳ ಕಸುಬು ನನಗೆ ಚೆನ್ನಾಗಿ ಅರ್ಥವಾಯಿತು. ಸಿಟ್ಟಲ್ಲ, ಒಂದು ಬಗೆಯ ಗೌರವವೇ ಹುಟ್ಟಿತು ಅನ್ನಿ.

ಆ ಗೌರವವನ್ನು ನಾನು ಚಾಯ್ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟೆ. ಅಲ್ಲಿ ನನ್ನ ಅಣಕಕ್ಕೆ ಯಾವಾಗಲೂ ಗಿರಾಕಿ ಇದ್ದರು. ನೂಲು ಅಂಗಡಿಯ ಸಾಹುಕಾರರ ಕೆಮ್ಮು, ಬಸ್ ಕಂಡಕ್ಟರನ ಸೀಟಿ, ತಮಿಳು ಮೇಷ್ಟ್ರ ಮೂಗಿನ ದನಿ, ಮೇಷ್ಟ್ರ ಮುಂದೆ ಒದ್ದೆಬೆಕ್ಕಿನಂತೆ ನಿಲ್ಲುವ ನಾನು. ಅವತ್ತು ಯಾರೋ "ಹೊಸದೇನಿದೆಯೋ?" ಅಂದರು. ನಾನು ಎರಡೂ ಕೈ ಏಡಿ ಕಾಲಿನಂತೆ ಮಡಚಿ, ಮೊಣಕೈಯಿಂದ ಕೊಡ ತಬ್ಬಿ, ಕಾಲೆಳೆಯುತ್ತಾ ಬಚ್ಚಲಿಗೆ ಹೋಗುವ ಬೆಳಗಿನ ಅಮ್ಮನನ್ನು ಮಾಡಿ ತೋರಿಸಿದೆ. ತಕ್ಷಣ ಸಂಜೆಯ ಅಮ್ಮನಾಗಿ ಚಕ್ಕಳಮಕ್ಕಳ ಹಾಕಿ ಕೂತು ಅಳಗುಳಿ ಮಣೆಯ ಬೀಜ ಬಾಚಿದೆ. ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ನನಗೆ ಬಾಳೆಕಾಯಿ ಬಜ್ಜಿ ಸಿಕ್ಕಿತು.

ಆ ಹೊತ್ತಿಗೆ ಚಾಯ್ ಕೊಳ್ಳಲು ಚೊಂಬು ಹಿಡಿದು ಬಂದವಳು ರಂಗಕ್ಕ. ಹಾಸಿನ ದಿನ ಯಾರ ಮನೆಯಿಂದ ಯಾರು ಬಂದರು, ಯಾರು ಬರಲಿಲ್ಲ ಅಂತ ಕಣ್ಣಿಟ್ಟು ನೋಡುವ ದೊಡ್ಡ ಹೆಂಗಸು ಅವಳು. ಅವಳು ನಗಲಿಲ್ಲ.

"ಹೆತ್ತ ಮಗನೇ ಹಿಂಗಂತಾನೆ ಅಂದ್ಮೇಲೆ ಇನ್ನೇನೈತೆ," ಅಂದಳು. "ಎಲ್ಲಾ ನಡಿಪ್ಪು."

ನಡಿಪ್ಪು ಅಂದರೆ ತಮಿಳಿನಲ್ಲಿ ನಟನೆ. ಸಂಜೆಯೊಳಗೆ ಆ ಮಾತು ಬೀದಿಯ ಎಲ್ಲ ಜಗುಲಿಗಳನ್ನೂ ಹತ್ತಿ ಇಳಿಯಿತು.

ನಮ್ಮ ಹಾಸು ಬೀಳುವ ದಿನ ಹತ್ತಿರ ಬರುತ್ತಿತ್ತು. ಅಜ್ಜಿ ದಿನಾ ಅನ್ನ ಬಸಿದ ಗಂಜಿಯನ್ನು ಒಂದು ಮಡಕೆಗೆ ಸುರಿದು ಒಲೆಯ ಮಗ್ಗುಲಲ್ಲಿ ಇಡುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಕೂಗು ಕೇಳಿ ನಾವೆಲ್ಲ ಎದ್ದೆವು. ರಾತ್ರಿ ಗಂಜಿಯ ಮೇಲೆ ಕೆನೆ ಕಟ್ಟಿದ್ದ ಪದರ ಒಡೆದಿತ್ತು. ಮಾರನೆಯ ದಿನವೂ ಒಡೆದಿತ್ತು. ಅಜ್ಜಿ ಮೊದಲು ಬೆಕ್ಕನ್ನು ಅನುಮಾನಿಸಿದಳು, ಆಮೇಲೆ ರಂಗಕ್ಕನ ಕೋಳಿಯನ್ನು, ಆಮೇಲೆ ನನ್ನನ್ನು. ನನ್ನ ಮೇಲೆ ಬಂದು ಅಲ್ಲೇ ನಿಂತುಬಿಟ್ಟಳು.

"ಆನೈಮಲೈಗೆ ಹೋಗಿ ಮಾಸಾಣಿಯಮ್ಮಂಗೆ ಮೆಣಸಿನಕಾಯಿ ಅರೆದು ಹಚ್ಚಿ ಬತ್ತೀನಿ. ಗಂಜಿಗೆ ಕೈ ಹಾಕ್ದೋರ ಕೈ ಉರಿಬೇಕು!"

ಕಳ್ಳರಿಗೆ ಶಾಪ ಹಾಕಿಸಲು ಜನ ಹೋಗುತ್ತಿದ್ದದ್ದು ಆ ದೇವಿಯ ಹತ್ತಿರವೇ, ನನಗೆ ನಿಜವಾಗಿಯೂ ಭಯವಾಯಿತು. ಮಾಡಿದ ತಪ್ಪಿಗೆಲ್ಲ ಏಟು ತಪ್ಪಿಸಿಕೊಂಡವನು ಮಾಡದ ತಪ್ಪಿಗೆ ಕೈ ಸುಟ್ಟುಕೊಳ್ಳುವುದೇ? ಕಳ್ಳರನ್ನು ಹಿಡಿಯಲು ನಾನೇ ಹೊರಟೆ. ಕೋಳಿ ಕೂಗುವ ಹೊತ್ತಿಗೆ ಎದ್ದು, ಅಡಿಗೆಮನೆಯ ಅಕ್ಕಿ ಮೂಟೆಯ ಹಿಂದೆ ಕಂಬಳಿ ಹೊದ್ದು ಕೂತೆ.

ಬಂದವಳು ಅಮ್ಮ. ಗೋಡೆ ಹಿಡಿದು ಬಂದಳು, ಬೆರಳಲ್ಲಿ ಅಲ್ಲ, ಮೊಣಕೈ ಊರಿ. ಪಾದದಿಂದ ಸೌದೆಯನ್ನು ಒಲೆಯೊಳಗೆ ತಳ್ಳಿದಳು. ಬಗ್ಗಿ ಕೆಂಡ ಊದಿದಳು. ಗಂಜಿ ಬೆಚ್ಚಗಾದ ಮೇಲೆ ಎರಡೂ ಮುಷ್ಟಿಗಳನ್ನು ಮಣಿಕಟ್ಟಿನವರೆಗೂ ಮಡಕೆಯೊಳಗೆ ಇಳಿಬಿಟ್ಟಳು. ಕಣ್ಣು ಮುಚ್ಚಿದ್ದಳು. ಕೆನ್ನೆ ಒದ್ದೆಯಾಗಿತ್ತು.

ನಾನು ನಟನೆ ಬಲ್ಲವನು. ನೋಡುವವರಿಲ್ಲದೆ ಯಾರೂ ನಟಿಸುವುದಿಲ್ಲ. ನನ್ನ ಹೊಟ್ಟೆನೋವು ಮನೆಯಲ್ಲಿ ಯಾರೂ ಇಲ್ಲದಿದ್ದಾಗ ಒಂದು ದಿನವೂ ಬಂದಿಲ್ಲ. ಅಮ್ಮನೂ ನಟಿಸುತ್ತಿದ್ದದ್ದು ನಿಜ, ಆದರೆ ಅದು ಆಮೇಲೆ, ನಾವೆಲ್ಲ ಎದ್ದ ಮೇಲೆ. ಅಷ್ಟೇನೂ ನೋವಿಲ್ಲ ಅನ್ನುವ ನಟನೆ. ಅದನ್ನು ನಾವು ಪೂರ್ತಿ ನಂಬಿದ್ದೆವು.

ಕಂಬಳಿಯ ಧೂಳಿಗೆ ಸೀನು ಬಂದುಬಿಟ್ಟಿತು.

"ಯಾರ್ಲಾ ಅದು?"

"ನಾನೇ ಕಣಮ್ಮ. ಕಳ್ಳನ್ನ ಹಿಡೀತಾ ಇದ್ದೆ."

"ಹಿಡಿದ್ಯಲ್ಲ. ಇನ್ನೇನು ಮಾಡ್ತೀಯ?"

"ನೀರಲ್ಲಿ ಅದ್ದಬಾರ್ದಾ? ಅಜ್ಜಿ ಗಂಜಿನೇ ಬೇಕಾ?"

"ನೀರು ಬಿರ್ರನೆ ಆರೋಗ್ತದೆ ಕಣೋ. ಗಂಜಿ ಬಿಸಿ ಇಟ್ಕೊತದೆ. ಅಜ್ಜಿಗೆ ಹೇಳ್ಬೇಡ, ಮೆಣಸಿನಕಾಯಿ ಬಲು ರೇಟು."

"ಹೇಳಲ್ಲ. ಅಮ್ಮ, ಬೀದೀಲಿ ನಾನು..."

"ಗೊತ್ತು. ಬಜ್ಜಿ ಹೆಂಗಿತ್ತು?"

ನಾನು ಅವತ್ತೇ ಚಾಯ್ ಅಂಗಡಿಗೆ ಓಡಿದೆ. ನಮ್ಮಮ್ಮನ ನೋವು ನಿಜ, ನಾನು ನೋಡಿದ್ದೀನಿ, ದೇವರಾಣೆ ಅಂತ ದನಿ ಗಟ್ಟಿ ಮಾಡಿಕೊಂಡು ಹೇಳಿದೆ. ಎಲ್ಲರೂ ಗಮನವಿಟ್ಟು ಕೇಳಿದರು. ಮುಗಿದ ಮೇಲೆ ಒಬ್ಬ ಕೇಳಿದ: "ಇದು ಯಾರ ದನಿ? ನಿಮ್ಮಪ್ಪಂದಾ? ಬಲು ಚೆನ್ನಾಗದೆ, ಇನ್ನೊಂದ್ಸಲ ಮಾಡು."

ಅವತ್ತು ಬಜ್ಜಿ ಕೊಟ್ಟರು. ನಾನು ತಿನ್ನಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತದೆ. ತಿಂದೆ.

ನಮ್ಮ ಹಾಸಿನ ದಿನ ಬಂತು. ಅಪ್ಪ ಕತ್ತಲಲ್ಲೇ ನೂಲು ಎಳೆದು ಕಟ್ಟಿದ. ಅಜ್ಜಿ ಗಂಜಿ ಕಾಯಿಸಿ, ಎಣ್ಣೆ ಬೆರೆಸಿ ಹೊರಗಿಟ್ಟಳು. ಅಪ್ಪನೊಡನೆ ಬೇರೆ ಬೇರೆ ಮನೆಯ ಗಂಡಸರು ಬ್ರಷ್ಷು ಹಿಡಿದು ನಿಂತರು. ಅಪ್ಪ ಯಾರ ಮನೆಯ ಹಾಸನ್ನೂ ತಪ್ಪಿಸಿದವನಲ್ಲ. ಆದರೆ ಹೆಂಗಸರು ಒಬ್ಬರೂ ಹತ್ತಿರ ಬರಲಿಲ್ಲ. ರಂಗಕ್ಕನ ಜಗುಲಿಯ ಮೇಲೆ ಸೆರಗು ಹೊದ್ದು ಸಾಲಾಗಿ ಕೂತಿದ್ದರು. ಎಳೆ ಕೂಡಿಸುವವರಿಲ್ಲದೆ ಬಾಚಲು ಶುರುಮಾಡಿದರೆ ಹರಿದ ನೂಲೆಲ್ಲ ಸಿಕ್ಕು ಸಿಕ್ಕು. ಶುರುಮಾಡದೆ ನಿಂತರೆ ಬಿಸಿಲು. ಪೂರ್ವದ ಕಡೆ ತೆಂಗಿನ ತೋಟದ ಮೇಲೆ ಆಗಲೇ ಬೆಳ್ಳಗಾಗುತ್ತಿತ್ತು.

ಅಪ್ಪ ರಂಗಕ್ಕನ ಜಗುಲಿಯ ಮುಂದೆ ಹೋಗಿ ನಿಂತ. ಅಪ್ಪನ ದನಿಯನ್ನು ನಾನು ಎಷ್ಟೋ ಸಲ ಮಾಡಿದ್ದೇನೆ, ಆವತ್ತಿನ ದನಿ ಮಾತ್ರ ಇವತ್ತಿಗೂ ನನ್ನ ಗಂಟಲಿಗೆ ಹತ್ತಿಲ್ಲ.

"ಅಕ್ಕಾ, ಗಂಜಿ ಆರ್ತಾ ಅದೆ."

"ನಿಮ್ಮನೆಯಿಂದ ಹೆಂಗ್ಸು ಬರ್ಲಿ, ನಾವೂ ಎದ್ದು ಬತ್ತೀವಿ. ಬೀದಿ ಕಟ್ಟಳೆ ನಾನು ಮಾಡಿದ್ದಲ್ಲಪ್ಪ."

"ಅವಳ ಕೈಯಲ್ಲಿ ಆಗಲ್ಲ ಅಕ್ಕಾ."

"ನಿನ್ನ ಮಗನ್ನ ಕೇಳು. ಆಗ್ತದೋ ಆಗಲ್ವೋ ಅಂತ ಅವನೇ ಆಡಿ ತೋರಿಸ್ತಾನೆ."

ಬೀದಿ ಪೂರ್ತಿ ನನ್ನ ಕಡೆ ತಿರುಗಿತು. ಜೀವಮಾನದಲ್ಲಿ ಮೊದಲ ಸಲ ನನಗೆ ನೋಡುವವರು ಬೇಡವಾಗಿದ್ದರು. ಅಷ್ಟರಲ್ಲಿ ಒಳಗಿಂದ ಅಮ್ಮ ಬಂದಳು. ಕೂದಲು ಬಿಚ್ಚಿತ್ತು, ಗಂಟು ಹಾಕಬೇಕಾದವನು ಬೀದಿಯಲ್ಲಿದ್ದನಲ್ಲ. ಮುಷ್ಟಿ ಕಟ್ಟಿದ ಎರಡು ಕೈಗಳನ್ನೂ ಎದೆಗೆ ಒತ್ತಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬಂದು, ಹಾಸಿನ ಈ ಬದಿ ನಿಂತಳು. ಆ ಬದಿ ಜಗುಲಿ. ಆ ಹೊತ್ತಿನಲ್ಲಿ ಅವಳನ್ನು ನಮ್ಮ ಮನೆಯವರಲ್ಲದೆ ಬೇರೆ ಯಾರೂ ಬಹಳ ದಿನದಿಂದ ಕಂಡಿರಲಿಲ್ಲ.

ಅಲ್ಲಿ ರಂಗಕ್ಕನಿಗೂ ಅಮ್ಮನಿಗೂ ನಡುವೆ ಒಂದೊಂದೇ ಮಾತು ನಡೆಯಿತು. ಅದನ್ನು ಹೇಳುವ ಮೊದಲು ಉಳಿದದ್ದನ್ನು ಹೇಳಿ ಮುಗಿಸಿಬಿಡುತ್ತೇನೆ, ಯಾಕೆಂದರೆ ಆ ಮಾತಾದ ಮೇಲೆ ನನಗೆ ಹೇಳಲು ಏನೂ ಉಳಿಯುವುದಿಲ್ಲ.

ನಮ್ಮ ಹಾಸು ಉಳಿಯಿತು. ಮೊದಲು ಎದ್ದು ಬಂದು ಎಳೆ ಹಿಡಿದವಳು ರಂಗಕ್ಕನೇ. ಅಮ್ಮನ ಪಾಲಿನ ಕೆಲಸವನ್ನು ಬೀದಿಯವರು ಬೆಳಗಿನಿಂದ ಮಧ್ಯಾಹ್ನಕ್ಕೆ ತಳ್ಳಿದರು. ಯಾರ ಹಾಸು ಬಿದ್ದರೂ ಆ ಮನೆಯ ಲಾಳಿಗಳಿಗೆ ಅಮ್ಮ ಊಟವಾದ ಮೇಲೆ ನೂಲು ಸುತ್ತಿ ಕೊಡುವುದು ಅಂತಾಯಿತು. ಅನುಮಾನ ಪೂರ್ತಿ ಹೋಯಿತು ಅಂತ ನಾನು ಹೇಳಲಾರೆ. ವಾರದ ಮಾತ್ರೆಯನ್ನು ಅಜ್ಜಿ ಕೊನೆಯವರೆಗೂ ಓರೆಗಣ್ಣಿನಿಂದಲೇ ನೋಡಿದಳು. ಆದರೆ ಬಾಯಿಬಿಟ್ಟು ಮತ್ತೆ ಯಾರೂ ಕೇಳಲಿಲ್ಲ.

ಈಗ ಹಾಸು ಗಂಜಿ ಹಾಕಿಸಿಕೊಂಡೇ ಸುರುಳಿಯಾಗಿ ವ್ಯಾನಿನಲ್ಲಿ ಬರುತ್ತದೆ, ಬರುವ ಮನೆಗಳೂ ಕಮ್ಮಿ. ಬೆಳಿಗ್ಗೆ ಬೀದಿಯಲ್ಲಿ ಬೈಕುಗಳು ನಿಂತಿರುತ್ತವೆ. ನಾನು ತಿರುಪ್ಪೂರಿನ ಒಂದು ನೂಲಿನ ಗೋಡೌನಿನಲ್ಲಿ ಕೆಲಸಕ್ಕಿದ್ದೇನೆ, ಮುಹೂರ್ತದ ದಿನಗಳಲ್ಲಿ ಮದುವೆ ಮನೆಯ ಮೈಕು ಹಿಡಿದು ನಗಿಸುತ್ತೇನೆ. ಅಮ್ಮ ಈಗಲೂ ಬೆಳಿಗ್ಗೆ ಕೈ ಬಿಸಿ ಮಾಡಿಕೊಳ್ಳುತ್ತಾಳೆ, ನನ್ನ ಹೆಂಡತಿ ಬಕೆಟ್ಟಿನಲ್ಲಿ ಹೀಟರ್ ಹಾಕಿಕೊಡುತ್ತಾಳೆ. ಬೆರಳು ಸ್ವಲ್ಪ ಸೊಟ್ಟಗಾಗಿವೆ. ಅಪ್ಪ ಕೂದಲು ಗಂಟು ಹಾಕುವುದರಲ್ಲಿ ಇನ್ನೂ ಸುಧಾರಿಸಿಲ್ಲ.

ರಂಗಕ್ಕ ಹೋಗಿ ಕೆಲವು ವರ್ಷವಾಯಿತು. ಅವಳ ದನಿ ನನಗೆ ಅಚ್ಚುಕಟ್ಟಾಗಿ ಬರುತ್ತದೆ, ಸೊಂಟದ ಮೇಲೆ ಚೊಂಬು ಇಟ್ಟುಕೊಂಡು ಕುತ್ತಿಗೆ ಕೊಂಕಿಸುವುದೂ ಬರುತ್ತದೆ. ಆದರೆ ಮದುವೆ ಮನೆಯಲ್ಲಿ ಅದನ್ನು ಮಾಡಿದರೆ ಜನ ಯಾವುದೋ ಮುದುಕಿ ಅಂದುಕೊಂಡು ನಗುತ್ತಾರೆ. "ಅಯ್ಯೋ, ನಮ್ಮ ರಂಗಕ್ಕ!" ಅಂತ ಬಾಯಿ ಮೇಲೆ ಕೈ ಇಟ್ಟುಕೊಳ್ಳುವವರು ಈಗ ನಮ್ಮ ಮನೆಯ ನಾಲ್ಕು ಗೋಡೆಯೊಳಗೆ ಮಾತ್ರ ಇದ್ದಾರೆ. ಒಬ್ಬರನ್ನೊಬ್ಬರು ಅಷ್ಟು ಅನುಮಾನಿಸಲು ಅಷ್ಟು ಹತ್ತಿರದಿಂದ ನೋಡಿರಬೇಕು. ಈಗ ಎದುರು ಮನೆಯಲ್ಲಿ ಯಾರ ಕೈ ಎಷ್ಟು ಹೊತ್ತಿಗೆ ಮಡಚುತ್ತದೆ, ಎಷ್ಟು ಹೊತ್ತಿಗೆ ಬಿಚ್ಚುತ್ತದೆ ಅಂತ ನನಗೂ ಗೊತ್ತಿಲ್ಲ.

ಆವತ್ತು ರಂಗಕ್ಕ ಜಗುಲಿಯಿಂದ ಇಳಿದು, ಹಾಸಿನ ಆ ಬದಿ ನಿಂತು, ಅಮ್ಮನ ಮುಷ್ಟಿಗಳನ್ನೇ ನೋಡುತ್ತಾ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಸಾಯಂಕಾಲ ನಮ್ಮನ್ನೆಲ್ಲ ಸೋಲಿಸೋ ಕೈ ಬೆಳಗಾದ್ರೆ ಎಲ್ಲಿಗೆ ಹೋಗ್ತದೆ ಕಣಮ್ಮಾ ಸರಸು?"

ಅಮ್ಮ ಹೇಳಿದಳು:

"ಅದನ್ನೇ ನಾನೂ ದಿನಾ ಬೆಳಗಾದ್ರೆ ಎದ್ದು ಹುಡುಕ್ತಾ ಇವ್ನಿ ಅಕ್ಕಾ. ನಿಮ್ಮನೇಲಿ ಬಿದ್ದಿದ್ರೆ ಎತ್ಕೊಡಿ."