ಮೂವತ್ತೈದು ಪಾದಗಳ ದೊಡ್ಡಕ್ಕ

ಬೆಳಿಗ್ಗೆ ಆರೂವರೆ. ಆಸ್ಪತ್ರೆಯ ನೆಲ ಒರೆಸಿದ ಒದ್ದೆ ಇನ್ನೂ ಆರಿಲ್ಲ. ಕೊನೆಯ ಕೋಣೆಯಲ್ಲಿ ನರ್ಸ್ ದೊಡ್ಡಕ್ಕ ಗಿಡ್ಡ ಸ್ಟೂಲಿನ ಮೇಲೆ ಕೂತು ಈಜಿನ ಮೇಷ್ಟ್ರ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ. ದೀಪ ಹತ್ತಿರಕ್ಕೆಳೆದು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಸಕ್ಕರೆ ಕಾಯಿಲೆಯ ಮೇಷ್ಟ್ರಿಗೆ ಅಲ್ಲಿ ಹುಣ್ಣಾಗಿ, ಏಳು ತಿಂಗಳಿಂದ ನೀರಿಗಿಳಿಯದೆ ಕೊಳದ ಪಕ್ಕದ ಕುರ್ಚಿಯಲ್ಲೇ ಕೂತು ಮಕ್ಕಳಿಗೆ ಕೂಗಿ ಕೂಗಿ ಪಾಠ ಹೇಳುತ್ತಿದ್ದಾರೆ. ಮತ್ತೆ ನೀರಿಗಿಳಿಯಬಹುದೋ ಇಲ್ಲವೋ, ಇವತ್ತು ತೀರ್ಮಾನದ ದಿನ.

"ಏನಾದ್ರೂ ಹೇಳಿ ಸಿಸ್ಟರ್, ಜೀವ ಬಾಯಿಗೆ ಬಂದಿದೆ."

"ಜೀವ ಅಲ್ಲೇ ಇರ್ಲಿ ಮೇಷ್ಟ್ರೆ, ನಾನು ನೋಡ್ತಿರೋದು ಕಾಲು."

ಒಂದು ವರ್ಷದ ಹಿಂದಾಗಿದ್ದರೆ ಈ ತೀರ್ಮಾನ ಡಾಕ್ಟರದ್ದು. ಈಗ ತರಬೇತಿ ಮುಗಿಸಿದ ದೊಡ್ಡಕ್ಕನಿಗೆ ಆಸ್ಪತ್ರೆಯೇ ಅಧಿಕಾರ ಕೊಟ್ಟಿದೆ. ಜಡ್ಡುಗಟ್ಟಿದ ಚರ್ಮ ಕತ್ತರಿಸುವುದು, ಔಷಧಿ ಬರೆಯುವುದು, ವಾಸಿಯಾಯಿತೋ ಇಲ್ಲವೋ ಹೇಳುವುದು ಎಲ್ಲವೂ ಅವರದ್ದೇ. "ದಿನಕ್ಕೆ ಹದಿನೆಂಟು ಜನ, ಮೂವತ್ತೈದು ಪಾದ. ಒಬ್ಬರಿಗೆ ಒಂದೇ ಕಾಲು. ಅದನ್ನ ಉಳಿಸೋದೇ ನನ್ನ ಹಟ," ಎನ್ನುತ್ತಾರೆ.

ಅದಕ್ಕೂ ಮೊದಲು ಇಪ್ಪತ್ತಮೂರು ವರ್ಷ ವಾರ್ಡಿನಲ್ಲಿ ದುಡಿದವರು. ಆಗ ಅವರಿಗೊಂದು ಉಪಾಯ ಕರಗತವಾಗಿತ್ತು. ರೋಗಿಗೆ ಏನು ಬೇಕೆಂದು ಗೊತ್ತಿರುತ್ತಿತ್ತು, ಡಾಕ್ಟರಿಗೆ ನೇರವಾಗಿ ಹೇಳುವ ಹಾಗಿರಲಿಲ್ಲ. "‘ಸಾರ್, ಆ ಮುಲಾಮು ಬದಲಾಯಿಸೋಣ ಅಂತ ಹೇಳ್ತಿದ್ರಲ್ಲ?’ ಅಂತಿದ್ದೆ. ಪಾಪ, ಅವರು ಹೇಳೇ ಇರ್ತಿರಲಿಲ್ಲ. ‘ಹೌದು ಹೌದು, ಬದಲಾಯಿಸಿ’ ಅನ್ನೋರು!" ದೊಡ್ಡಕ್ಕ ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಾರೆ.

ಆ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹೊಸ ಕೆಲಸದ ಮೊದಲ ದಿನ, "ಇರಿ, ಡಾಕ್ಟರನ್ನ ಕೇಳ್ಕೊಂಡು ಬರ್ತೀನಿ" ಎಂದು ರೋಗಿಯನ್ನು ಕೂರಿಸಿ ಹೊರಟೇಬಿಟ್ಟರು. "ನಿಮಗೇನು ಅನ್ಸುತ್ತೆ?" ಎಂದು ಡಾಕ್ಟರ್ ಕೇಳಿದ್ದಕ್ಕೆ ಪಟಪಟನೆ ಎಲ್ಲ ಒಪ್ಪಿಸಿದರು. "ಮತ್ತೆ ಇಲ್ಲಿಗ್ಯಾಕೆ ಬಂದ್ರಿ ತಾಯಿ?" ಎಂದು ಡಾಕ್ಟರ್ ಬಾಗಿಲು ತೋರಿಸಿದರಂತೆ.

ಜೊತೆಯ ನರ್ಸುಗಳಲ್ಲಿ ಕೆಲವರಿಗೆ ಈ ಹೊಸ ಅಧಿಕಾರ ಬೇಡ. ಕೆಲಸ ಹೆಚ್ಚಾಯಿತು, ಕೈ ಮಾತ್ರ ಎರಡೇ ಎಂಬ ಗೊಣಗಾಟ. ದೊಡ್ಡಕ್ಕ ಅದನ್ನು ಅಲ್ಲಗಳೆಯುವುದಿಲ್ಲ. "ಭಯ ನನಗೂ ಇದೆ ಕಣ್ರೀ. ಮುಂಚೆ ತಪ್ಪಾದ್ರೆ ಮೇಲೊಬ್ಬರಿದ್ರು. ಈಗ ನಾನೇ. ಆದ್ರೆ ಗೊತ್ತಿದ್ದೂ ಬಾಯಿ ಮುಚ್ಕೊಂಡಿರೋ ಸಂಕಟ ಇದೆಯಲ್ಲ, ಅದು ತಪ್ಪಿತು."

ಮೇಷ್ಟ್ರದ್ದು ಮೊದಲಿನಿಂದ ಕೊನೆಯವರೆಗೆ ಅವರೊಬ್ಬರೇ ನೋಡಿಕೊಂಡ ಮೊದಲ ಹುಣ್ಣು. ಎರಡು ವಾರದ ಹಿಂದೆ ಅದು ಮುಚ್ಚಿಕೊಂಡಾಗ ಮೇಷ್ಟ್ರು ಈಜುಚಡ್ಡಿಯನ್ನು ಚೀಲದಲ್ಲಿಟ್ಟುಕೊಂಡೇ ಬಂದಿದ್ದರು. ಹೊಸ ಚರ್ಮ ಇನ್ನೂ ಎಳೆಯದು, ನೆನೆದರೆ ಮತ್ತೆ ಬಾಯಿ ಬಿಡುತ್ತದೆ, ಆಗದು ಎಂದರು ದೊಡ್ಡಕ್ಕ. ಮೇಷ್ಟ್ರು ಸಿಡಿಮಿಡಿಗುಟ್ಟುತ್ತಾ ಡಾಕ್ಟರ ಬಳಿ ದೂರು ಒಯ್ದರು. ಡಾಕ್ಟರ್ ತಲೆಯನ್ನೂ ಎತ್ತದೆ, "ಕಾಲಿನ ವಿಷ್ಯ ದೊಡ್ಡಕ್ಕನ್ನೇ ಕೇಳಿ" ಎಂದರು. ಮೇಷ್ಟ್ರು ಮುಖ ಊದಿಸಿಕೊಂಡು ಮನೆಗೆ ಹೋದರು. "ಅವತ್ತು ನನಗೆ ಊಟ ಸೇರ್ಲಿಲ್ಲ. ಸುಮ್ಮನೆ ಸತಾಯಿಸಿದ್ನಾ ಅಂತ," ಎನ್ನುತ್ತಾರೆ ದೊಡ್ಡಕ್ಕ.

ಈಗ ಕೆಂಪಿಲ್ಲ, ಬಿಸಿಯಿಲ್ಲ, ಚರ್ಮ ಗಟ್ಟಿಯಾಗಿದೆ. ಅವರು ಇನ್ನೊಮ್ಮೆ ಒತ್ತಿ ನೋಡುತ್ತಾರೆ. ಕೈಗವಸು ಕಳಚುತ್ತಾರೆ.

"ಇಳೀರಿ ನೀರಿಗೆ. ಮೊದಲು ಹತ್ತೇ ನಿಮಿಷ. ಕೊಳದ ಸುತ್ತ ಬರಿಗಾಲಲ್ಲಿ ಓಡಾಡಿದ್ದು ಕಿವಿಗೆ ಬಿತ್ತೋ, ನೋಡಿ ಮತ್ತೆ!"

ಆರಡಿಯ ಮೇಷ್ಟ್ರು ಮಗುವಿನಂತೆ ಅತ್ತೇಬಿಡುತ್ತಾರೆ. ಕಣ್ಣೊರೆಸಿಕೊಂಡು ಶೂ ಹಾಕುತ್ತಾರೆ. ಬಾಗಿಲಲ್ಲಿ ತಿರುಗಿ ನಿಂತು, "ಥ್ಯಾಂಕ್ಸ್ ದೊಡ್ಡಕ್ಕ" ಎನ್ನುತ್ತಾರೆ.

ದೊಡ್ಡಕ್ಕ ಕೇಸ್ ಶೀಟಿನಲ್ಲಿ ‘ವಾಸಿಯಾಗಿದೆ’ ಎಂದು ಬರೆದು ಸಹಿ ಹಾಕುತ್ತಾರೆ. "ಇಷ್ಟು ವರ್ಷ ಗುಣವಾಗಿ ಹೊರಟೋರೆಲ್ಲ ‘ಡಾಕ್ಟರಿಗೆ ಥ್ಯಾಂಕ್ಸ್ ಹೇಳ್ಬಿಡಿ ಸಿಸ್ಟರ್’ ಅನ್ನೋರು. ನಾನೂ ತಪ್ಪದೆ ತಲುಪಿಸ್ತಿದ್ದೆ," ಎನ್ನುತ್ತಾರೆ ಮುಂದಿನವರನ್ನು ಕರೆಯುತ್ತಾ. "ಇವತ್ತಿಂದು ಮಾತ್ರ ನಾನೇ ಇಟ್ಕೋತೀನಿ."