ಹರಿದ ಹಾಸಿಗೆ ಬಟ್ಟೆಯ ಕಾದಂಬರಿ

ಅವತ್ತು ಬೆಳಿಗ್ಗೆ ಹಾಲು ಸೀದು ಹೋಗಿತ್ತು. ಅತ್ತೆಯ ಬಟ್ಟೆ ಬದಲಿಸುತ್ತ ನಾನು ಒಲೆ ಮರೆತಿದ್ದೆ. ನನ್ನ ಗಂಡ ಜಗಳ ತೆಗೆದರು.

ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಎಲ್ಲ ಮಲಗಿದಲ್ಲೇ. ಬಾಯಿ ಮಾತ್ರ ಮನೆಯೆಲ್ಲ ಓಡಾಡುತ್ತಿತ್ತು.

"ಹಾಲು ಸೀದಿದ್ದಕ್ಕೆ ಇಷ್ಟು ಕೂಗ್ತಾನಲ್ಲ, ಹೆತ್ತ ತಾಯೀನ ಕಾದಂಬರೀಲಿ ಸಾಯಿಸಿದ್ದಾನಲ್ಲ, ಅದಕ್ಕೆ ಯಾರು ಕೂಗ್ಬೇಕು?"

"ಅದು ನೀನಲ್ಲಮ್ಮ. ನಾನು ಬರೀತಿರೋ ಕಥೆ," ಎಂದರು ನನ್ನ ಗಂಡ.

"ಮೊದಲನೇ ಸಾಲಲ್ಲೇ ಸಾಯಿಸಿದ್ದೀಯಂತೆ. ಒಂದು ಲೋಟ ನೀರು ಕುಡಿಯೋ ತನಕ ಆದ್ರೂ ಬಿಡಬಾರದಿತ್ತಾ?"

"ಬಿಟ್ಟಿದ್ರೆ ನಿನ್ನ ಬಟ್ಟೆ ಬದಲಾಯಿಸೋದ್ರಲ್ಲೇ ಕಾದಂಬರಿ ಮುಗಿದುಹೋಗ್ತಿತ್ತು."

ಅತ್ತೆಯೇ ಮೊದಲು ನಕ್ಕರು. ಆಮೇಲೆ ಕೆಮ್ಮಿದರು.

ನಾನು ದಿನಾ ಕೇಳುವುದನ್ನು ಅವತ್ತೂ ಕೇಳಿದೆ. "ನಾನೆಲ್ಲಿ ರೀ ಅದರಲ್ಲಿ?" ಇಷ್ಟು ದಿನ ಬರೆದರೂ ಕಥೆಯಲ್ಲಿ ನನ್ನಂಥ ಒಬ್ಬ ಹೆಂಗಸೂ ಬಂದಿರಲಿಲ್ಲ. ಬಂದವರೆಲ್ಲ ಚೆಂದದವರು.

"ಕೊನೇ ಅಧ್ಯಾಯದಲ್ಲಿ ಬರ್ತೀಯ. ಇವತ್ತು ಬರೆದು ಮುಗಿಸ್ತೀನಿ."

"ಹೇಗೆ ಬರ್ತೀನಿ? ಹಾಲು ಸೀಯಿಸ್ಕೊಂಡಾ?"

"ರಾತ್ರಿ ತರ್ತೀನಲ್ಲ, ನೀನೇ ಓದ್ಕೋ."

ಚಪ್ಪಲಿ ಮೆಟ್ಟಿ ಹೋದರು. ತಿರುಗಿ ನೋಡಲಿಲ್ಲ. ನೋಡುವ ಜಾತಿಯೇ ಅಲ್ಲ ಅವರು.

ಅವರು ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ರಕ್ತ, ಕೀವು, ಹೇಲು ಮೆತ್ತಿದ ಹಾಸಿಗೆ ಬಟ್ಟೆ ಬರುತ್ತವೆ. ದೊಡ್ಡ ಡ್ರಮ್ಮಿನಲ್ಲಿ ಸೋಡಾ ಹಾಕಿ ಕುದಿಸುತ್ತಾರೆ. ಆಮೇಲೆ ಬಿಸಿ ರೋಲರಿಗೆ ಕೊಟ್ಟರೆ ಆ ಕಡೆ ಇಸ್ತ್ರಿಯಾಗಿ ಬೀಳುತ್ತದೆ. ಯಾವ ಬಟ್ಟೆ ಯಾವ ವಾರ್ಡಿನದು ಎಂದು ಮೂಲೆಯಲ್ಲಿ ಕಪ್ಪು ಮಸಿಯಲ್ಲಿ ಬರೆಯುವುದು ನನ್ನ ಗಂಡನ ಕೆಲಸ. ಆ ಮಸಿಯ ಗುಣ ಬೇರೆ. ಬರೆದ ಮೇಲೆ ಒಮ್ಮೆ ರೋಲರಿನ ಬಿಸಿ ತಾಗಿದರೆ ಆಯಿತು, ಬಟ್ಟೆ ಹರಿದರೂ ಅಕ್ಷರ ಹೋಗದು. ಬಿಸಿ ತಾಗದಿದ್ದರೆ ಮೊದಲ ನೀರಿಗೇ ಹೋಗುತ್ತದೆ.

ಬಸ್ಸು ನಿಲ್ಲುವಲ್ಲಿ ಒಂದು ಗ್ರಂಥಾಲಯ. ಅದರ ಗೋಡೆಗೆ ಚೀಟಿ ಅಂಟಿಸಿದ್ದರು. ಒಂದು ತಿಂಗಳಲ್ಲಿ ಒಂದು ಕಾದಂಬರಿ ಬರೆಯುವ ಪಂಥ. ಬಹುಮಾನವೇನೂ ಇಲ್ಲ. ಮುಗಿಸಿದವರನ್ನು ವೇದಿಕೆ ಹತ್ತಿಸಿ ಕೊನೆಯ ಪುಟ ಓದಿಸುತ್ತಾರೆ. ಇವರಿಗೆ ಮೊದಲೇ ಕಥೆ ಪುಸ್ತಕದ ಹುಚ್ಚು. ಹುಚ್ಚನಿಗೆ ಕೋಲು ಕೊಟ್ಟ ಹಾಗಾಯಿತು.

ಹೊತ್ತೆಲ್ಲಿ? ಬೆಳಿಗ್ಗೆ ತಾಯಿಯನ್ನು ಎತ್ತಿ ತೊಳೆಯಲು ನನಗೆ ಕೈಕೊಡಬೇಕು. ಹಗಲು ಕಾರ್ಖಾನೆ. ಸಂಜೆ ಒಂದು ಅಂಗಡಿಯ ಕಾವಲು. ಉಳಿದದ್ದು ಡ್ರಮ್ಮು ತಿರುಗುವಾಗಿನ ಹೊತ್ತು ಮಾತ್ರ. ಅಲ್ಲಿಗೆ ಕಾಗದ ತರುವಂತಿಲ್ಲ. ಒಂದು ಹಾಳೆ ಡ್ರಮ್ಮಿಗೆ ಬಿದ್ದರೆ ಅಷ್ಟೂ ಬಟ್ಟೆಗೆ ಚೂರು ಮೆತ್ತಿಕೊಳ್ಳುತ್ತದೆ. ಹಾಗಾಗಿ ಎಸೆಯುವ ಹಾಸಿಗೆ ಬಟ್ಟೆಯನ್ನು ಉದ್ದಕ್ಕೆ ಸೀಳಿ, ಅದೇ ಮಸಿಯಲ್ಲಿ ಬರೆದು, ರೋಲರಿಗೆ ಕೊಟ್ಟು ಕಾಯಿಸಿ ತರುತ್ತಿದ್ದರು. ತುದಿಗೆ ತುದಿ ಸೇರಿಸಿ ನಾನು ಹೊಲಿಯುತ್ತಿದ್ದೆ. ಗಾಯಕ್ಕೆ ಕಟ್ಟುವ ಬಟ್ಟೆಯ ಸುರುಳಿಯ ಹಾಗೆ ಸುತ್ತಿಡುತ್ತಿದ್ದೆ.

ಮೇಲ್ವಿಚಾರಕನೇ ಹೇಳಿದ್ದನಂತೆ, "ತಗೊಂಡ್ಹೋಗಯ್ಯ. ನೆಲ ಒರೆಸೋಕೂ ಬರಲ್ಲ, ಸಾಹಿತ್ಯಕ್ಕಾಗುತ್ತೆ." ಜೊತೆಯವರು, "ಸಾಹಿತೀ, ಇವತ್ತು ಎಷ್ಟು ಮೊಳ ಆಯ್ತು?" ಎಂದು ಕಿಚಾಯಿಸುತ್ತಿದ್ದರಂತೆ. ಮನೆಗೆ ಬಂದು ಹೇಳಿಕೊಂಡು ನಗುತ್ತಿದ್ದರು.

ಕೊನೆಯ ಅಧ್ಯಾಯಕ್ಕೆ ಎಂದು ಅಂಚಿರುವ ಗಟ್ಟಿ ತುಂಡನ್ನೇ ಆರಿಸಿಕೊಂಡಿದ್ದರು. ಅವತ್ತು ಮಧ್ಯಾಹ್ನ ಬರೆದು ಮುಗಿಸಿದರು. ಒಂದು ತುದಿಯನ್ನು ರೋಲರಿಗೆ ಕೊಟ್ಟರು. ನೆಲದಲ್ಲೆಲ್ಲ ನೀರು. ಕಾಯಿಸದ ಅಕ್ಷರಕ್ಕೆ ನೀರು ತಾಗಬಾರದಲ್ಲ, ಉಳಿದ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿಕೊಂಡರು.

ರೋಲರು ಎಳೆಯಿತು. ಸುತ್ತು ಬಿಗಿಯಿತು. ಹಳೆ ಬಟ್ಟೆ ಹರಿಯಬೇಕಿತ್ತು, ಅಂಚಿದ್ದ ತುಂಡು ಹರಿಯಲಿಲ್ಲ. ಮುಖ ಹೋಗಿ ಕಬ್ಬಿಣಕ್ಕೆ ಬಡಿಯಿತು. ನಿಲ್ಲಿಸುವ ಗುಂಡಿ ಕೆಟ್ಟು ಎಷ್ಟೋ ದಿನವಾಗಿತ್ತು. ಗೋಡೆಯ ಸ್ವಿಚ್ಚಿಗೆ ಯಾರೋ ಓಡಿದರು. ಇನ್ಯಾರೋ ಕತ್ತರಿ ತಂದು ಕುತ್ತಿಗೆಯ ಹತ್ತಿರ ಕತ್ತರಿಸಿದರು.

ಅದೇ ಆಸ್ಪತ್ರೆಗೆ ಒಯ್ದಿದ್ದರು. ನಾನು ಹೋಗುವಾಗ ಮುಗಿದಿತ್ತು. ಮಲಗಿಸಿದ್ದ ಹಾಸಿಗೆ ಬಟ್ಟೆಯ ಮೂಲೆಯಲ್ಲಿ ವಾರ್ಡಿನ ಹೆಸರಿತ್ತು. ಅವರದೇ ಅಕ್ಷರ.

ಮೇಲ್ವಿಚಾರಕ ಹೊರಗೆ ನಿಂತಿದ್ದ. "ಏನ್ಮಾಡೋದಮ್ಮ, ಸ್ವಂತ ಕೆಲಸ ಮಾಡ್ತಿದ್ದ. ಕಾರ್ಖಾನೆ ಬಟ್ಟೆ ಆಗಿದ್ರೆ ಮಾತೇ ಬೇರೆ ಇತ್ತು."

"ನೀವೇ ಕೊಟ್ಟಿದ್ದಲ್ವಾ ಬಟ್ಟೆ?"

"ನೆಲ ಒರೆಸೋಕೆ ಕೊಟ್ಟಿದ್ದು."

ಮಣ್ಣು ಮಾಡಿ ಬಂದ ಮೇಲೆ ಒಂದು ದಿನ ಕಾರ್ಖಾನೆಯಲ್ಲಿ ಬಟ್ಟೆ ಮಡಿಸುವ ಹೆಂಗಸು ಬಂದಳು. ಕೈಯಲ್ಲಿ ಪೊಟ್ಟಣ. ಕೊನೇ ಅಧ್ಯಾಯ ಬಂತು ಎಂದು ಗೊತ್ತಾಯಿತು.

"ರಕ್ತ ಆಗಿತ್ತಕ್ಕ. ಹಾಗೇ ಕೊಡೋಕೆ ನಮಗ್ಯಾರಿಗೂ ಮನಸ್ಸು ಬರಲಿಲ್ಲ. ಡಬಲ್ ಸೋಡಾ ಹಾಕಿ ಕುದಿಸಿ, ನಾನೇ ನಿಂತು ಒಗೆಸಿದೀನಿ. ನೋಡು, ಒಂದು ಕಲೆ ಇಲ್ಲ."

"ಒಗೆಯೋಕೆ ಮುಂಚೆ ಯಾರಾದ್ರೂ ಓದಿದ್ರಾ?"

"ನನಗೆಲ್ಲಿ ಓದು ಬರುತ್ತಕ್ಕ? ಆ ಗಲಾಟೇಲಿ ಓದೋರು ಯಾರು?"

ಅವಳಿಗೆ ಚಹಾ ಕೊಟ್ಟೆ. ಕುಡಿದು, ಅತ್ತು, ಹೋದಳು. ಆಮೇಲೆ ಎರಡು ತುಂಡನ್ನೂ ನೆಲದ ಮೇಲೆ ಹಾಸಿ, ಬೆರಳಿಟ್ಟು ಓದಿದೆ. ನನ್ನ ಓದು ನಿಧಾನ. ತಾಯಿ ಸತ್ತ ಮೇಲೆ ಮನೆ ಬಿಟ್ಟು ಹೋದ ಗಂಡಸು ಊರೂರು ಅಲೆದು, ಕೊನೆಗೆ ತನ್ನ ಬೀದಿಗೆ ಬರುತ್ತಾನೆ. ಮನೆಯಲ್ಲಿ ದೀಪ ಇದೆ. ಬಾಗಿಲು ತಟ್ಟುತ್ತಾನೆ. 'ಒಳಗಿನಿಂದ' ಎಂದು ಬರೆದಿದ್ದಾರೆ. ಅಲ್ಲಿಗೆ ರೋಲರಿಗೆ ಹೋದ ತುಂಡು ಮುಗಿಯಿತು. ಕುತ್ತಿಗೆಗಿದ್ದ ತುಂಡು ಬೆಳ್ಳಗಿದೆ. ಬೆಳಕಿಗೆ ಹಿಡಿದೆ. ತಿರುಗಿಸಿ ನೋಡಿದೆ. ಸಾಬೂನಿನ ವಾಸನೆ ಬಿಟ್ಟರೆ ಏನೂ ಇಲ್ಲ.

"ಬಂದ್ಯಾ ಅದರಲ್ಲಿ?" ಅತ್ತೆ ಕೇಳಿದರು.

"ಅವರು ಬಾಗಿಲ ತನಕ ಬಂದಿದ್ದಾರೆ. ತೆಗೆದವರು ಯಾರೋ ಗೊತ್ತಿಲ್ಲ."

"ನಾನಂತೂ ಅಲ್ಲ. ನಾನು ಸತ್ತಿದ್ದೀನಿ," ಎಂದು ಗೋಡೆಯ ಕಡೆ ಮುಖ ಹೊರಳಿಸಿದರು.

ಇಡೀ ಸುರುಳಿಯನ್ನು ಚೀಲಕ್ಕೆ ತುಂಬಿ ಗ್ರಂಥಾಲಯಕ್ಕೆ ಹೋದೆ. ಪಂಥದ ಗಡುವಿಗೆ ಇನ್ನೂ ಸ್ವಲ್ಪ ದಿನ ಉಳಿದಿತ್ತು. ಮೇಜಿನ ಹಿಂದೆ ಕನ್ನಡಕದ ಹೆಂಗಸು. ಒಂದು ತುದಿ ಹಿಡಿದು ಎಳೆದಳು, ಎಳೆದಳು, ನೆಲಕ್ಕೆ ಬಿತ್ತು. ಓದುತ್ತಿದ್ದವರು ತಲೆ ಎತ್ತಿ ನಕ್ಕರು.

"ನಾವು ಪದ ಎಣಿಸೋದಮ್ಮ, ಮೊಳ ಅಲ್ಲ."

ನಡೆದದ್ದು ಹೇಳಿದೆ. ನಗು ನಿಂತಿತು. ಬಿಳಿ ತುಂಡನ್ನು ಕೈಯಲ್ಲಿ ಹಿಡಿದು ನೋಡಿದಳು.

"ಆದ್ರೆ ಇದು ಮುಗೀಲಿಲ್ವಲ್ಲ."

"ಮುಗಿಸಿದ್ರು. ಒಗೆದುಬಿಟ್ರು."

"ಕಾಣದೇ ಇರೋದನ್ನ ಹೇಗೆ ಲೆಕ್ಕಕ್ಕೆ ತಗೊಳ್ಳೋದು? ಒಂದು ಕೆಲಸ ಮಾಡಿ." ಪೆನ್ನು ಮುಂದೆ ಸರಿಸಿದಳು. "ನೀವೇ ನಾಲ್ಕು ಸಾಲು ಬರೆದುಬಿಡಿ. ಬಾಗಿಲು ತೆಗೆದಳು ಅಂತ. ಯಾರಿಗೆ ಗೊತ್ತಾಗುತ್ತೆ?"

ಪೆನ್ನು ತೆಗೆದುಕೊಂಡೆ. ಬಟ್ಟೆಯ ಮೇಲೆ ಇಟ್ಟೆ ಕೂಡ. ತೆಗೆದವಳು ನಾನೇ ಎಂದು ನನಗೇನು ಗೊತ್ತು? ಚೆಂದದವಳು ಯಾರಾದರೂ ಇದ್ದಿರಬಹುದು. ನಾನೇ ಇದ್ದರೂ, ಅವರು ಬರೆದ ಹಾಗೆ ನನ್ನನ್ನು ನಾನು ಬರೆದುಕೊಳ್ಳಲಾರೆ.

"ಬೇಡ," ಎಂದೆ. ಸುತ್ತಿಕೊಂಡು ಬಂದೆ. ಅವರ ಹೆಸರು ವೇದಿಕೆಯಲ್ಲಿ ಯಾರೂ ಕರೆಯಲಿಲ್ಲ.

ಅತ್ತೆಯ ಸೊಂಟಕ್ಕೆ ಕಟ್ಟುವ ಬಟ್ಟೆ ಮುಗಿಯುತ್ತ ಬಂತು. ಕಾರ್ಖಾನೆಯಿಂದ ಹಳೆ ಬಟ್ಟೆ ತರುತ್ತಿದ್ದವರು ಇಲ್ಲ. ಹಳೆ ಸೀರೆ ಹರಿದೆ, ಅವರ ಪಂಚೆ ಹರಿದೆ. ಆಮೇಲೆ ಸುರುಳಿ ಬಿಚ್ಚಿ, ನಾನೇ ಹಾಕಿದ್ದ ಹೊಲಿಗೆ ನಾನೇ ಬಿಡಿಸಿದೆ. ಮೊದಲ ತುಂಡು ಮಡಿಸಿ ಕಟ್ಟುವಾಗ ಅತ್ತೆ ಕತ್ತೆತ್ತಿ ನೋಡಿದರು.

"ಯಾವ ಭಾಗ ಕಟ್ತಿದ್ದೀಯೇ?"

"ನೀವು ಸಾಯೋದು."

"ಕಟ್ಟು, ಬಿಗಿಯಾಗಿ ಕಟ್ಟು."

ಈಗಲೂ ಬೆಳಿಗ್ಗೆ ಎದ್ದು ಮೊದಲು ಆ ಬಟ್ಟೆಗಳನ್ನು ಒಗೆಯುತ್ತೇನೆ. ಹೇಲು ಹೋಗುತ್ತದೆ, ಅಕ್ಷರ ಹೋಗುವುದಿಲ್ಲ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಿಳಿ ತುಂಡೂ ಅದರಲ್ಲೇ ಇದೆ, ಅದಕ್ಕೂ ಸಾಬೂನು ಹಚ್ಚುತ್ತೇನೆ. ಹಿಂಡಿ, ಕೊಡವಿ, ಪಕ್ಕದ ಮನೆಯವರು ಓದದ ಹಾಗೆ ಅಕ್ಷರ ಗೋಡೆ ಕಡೆಗೆ ಮಾಡಿ ತಂತಿಗೆ ಹರವುತ್ತೇನೆ. ಬಿಳಿ ತುಂಡನ್ನು ಹೇಗೆ ಹರವಿದರೂ ಸರಿ.